ಅಣುತ್ಯಾಜ್ಯದ ನಾಗರಿಕ ಮಂಡಳಿಗೆ ಹೊಸ ಅಧ್ಯಕ್ಷರು ಬಂದರೆ ಏನು ಬದಲಾಗುತ್ತದೆ?

ಪ್ರಶ್ನೆ: ಅಮೆರಿಕದಲ್ಲಿ ಅಣುತ್ಯಾಜ್ಯ ತೆರವಿನ ಕೆಲಸಕ್ಕೆ ಸಲಹೆ ನೀಡುವ ನಾಗರಿಕ ಮಂಡಳಿಯೊಂದು ಹೊಸ ಅಧ್ಯಕ್ಷರನ್ನೂ ಉಪಾಧ್ಯಕ್ಷರನ್ನೂ ಆರಿಸಿಕೊಂಡ ಸುದ್ದಿಯನ್ನು ಓದಿದೆ. ಆದೇಶ ಹೊರಡಿಸುವ ಅಧಿಕಾರವೇ ಇಲ್ಲದ ಮಂಡಳಿಗೆ ಯಾರು ಅಧ್ಯಕ್ಷರಾದರೇನು? ನಮ್ಮ ಸೈನೈಡ್ ದಿಬ್ಬಗಳ ವಿಷಯದಲ್ಲಿ ಇಂಥದೊಂದು ಮಂಡಳಿಯಿಂದ ಪ್ರಯೋಜನವಾದೀತೇ?
– ನಿವೃತ್ತ ಶಿಕ್ಷಕರು, ಆಂಡರ್ಸನ್‌ಪೇಟೆ, ಕೆಜಿಎಫ್

ಉತ್ತರ: ಅಧಿಕಾರವಿಲ್ಲವೆಂಬ ತಮ್ಮ ಮಾತು ಸರಿ. ಎರಡನೆಯ ಮಹಾಯುದ್ಧದ ಕಾಲದಿಂದ ಅಣ್ವಸ್ತ್ರ ತಯಾರಿಸಿದ ಸ್ಥಳಗಳನ್ನು ಶುಚಿಗೊಳಿಸಲು ಅಮೆರಿಕದ ಇಂಧನ ಇಲಾಖೆ 1989ರಲ್ಲಿ ಪ್ರತ್ಯೇಕ ವಿಭಾಗವನ್ನು ತೆರೆಯಿತು. ನಂತರದ ಕೆಲವೇ ವರ್ಷಗಳಲ್ಲಿ ಹ್ಯಾನ್‌ಫೋರ್ಡ್, ಸವಾನಾ ರಿವರ್, ಓಕ್ ರಿಡ್ಜ್ ಮುಂತಾದ ಕಡೆ ಸ್ಥಳೀಯರ ಸಲಹಾ ಮಂಡಳಿಗಳು ರಚನೆಯಾದವು. ಸದಸ್ಯರಿಗೆ ಸಂಬಳವಿಲ್ಲ. ಅವರನ್ನು ನೇಮಿಸುವುದು ಇಲಾಖೆಯೇ ಆದರೂ, ಅಧ್ಯಕ್ಷರನ್ನು ಸಾಮಾನ್ಯವಾಗಿ ಸದಸ್ಯರು ತಮ್ಮೊಳಗಿನಿಂದ ಆರಿಸಿಕೊಳ್ಳುತ್ತಾರೆ. ಸಲಹಾ ಸಮಿತಿಗಳ ಕುರಿತ 1972ರ ಕಾನೂನಿನಂತೆ ಸಭೆಯ ಸೂಚನೆಯನ್ನು ಮೊದಲೇ ಪ್ರಕಟಿಸಬೇಕು, ಸಾರ್ವಜನಿಕರಿಗೆ ಬಾಗಿಲು ತೆರೆದಿರಬೇಕು, ನಡವಳಿ ಬರೆದಿಡಬೇಕು ಮತ್ತು ಇಲಾಖೆಯು ಗೊತ್ತುಪಡಿಸಿದ ಅಧಿಕಾರಿ ಹಾಜರಿರಬೇಕು. ಅಂತಿಮ ತೀರ್ಮಾನ ಮಾತ್ರ ಇಲಾಖೆಯದು.

ಹಾಗಿದ್ದರೂ ಅಧ್ಯಕ್ಷಸ್ಥಾನ ಅಲಂಕಾರದ ಕುರ್ಚಿಯಲ್ಲ ಎಂಬುದಕ್ಕೆ ಕಾರಣ ಈ ಕೆಲಸದ ಕಾಲಾವಧಿಯಲ್ಲಿದೆ. ಹ್ಯಾನ್‌ಫೋರ್ಡಿನಲ್ಲಿ ನೆಲದಡಿಯ 177 ತೊಟ್ಟಿಗಳಲ್ಲಿ ಸುಮಾರು 21 ಕೋಟಿ ಲೀಟರ್ ವಿಕಿರಣ ತ್ಯಾಜ್ಯ ತುಂಬಿತ್ತು. ಅವುಗಳ ಪೈಕಿ 149 ತೊಟ್ಟಿಗಳಿಗೆ ಒಂದೇ ಪದರದ ಗೋಡೆ, ಕೆಲವು ಸೋರಿದ್ದೂ ಉಂಟು. ಇಲಾಖೆ, ಕೇಂದ್ರದ ಪರಿಸರ ಸಂಸ್ಥೆ ಮತ್ತು ವಾಷಿಂಗ್ಟನ್ ರಾಜ್ಯ ಸರ್ಕಾರ 1989ರಲ್ಲಿ ತ್ರಿಪಕ್ಷೀಯ ಒಪ್ಪಂದ ಮಾಡಿಕೊಂಡವು. ಅಲ್ಲಿಂದೀಚೆಗೆ ಮೂರು ದಶಕ ಮೀರಿದರೂ ಕೆಲಸ ಮುಗಿದಿಲ್ಲ. ಇಷ್ಟರಲ್ಲಿ ಅಧಿಕಾರಿಗಳು, ಗುತ್ತಿಗೆದಾರರು, ಸರ್ಕಾರಗಳು ಎಷ್ಟು ಸಲ ಬದಲಾಗಿರಬೇಕು! ಹಿಂದಿನವರು ಏನು ಕೇಳಿದ್ದರು, ಅದಕ್ಕೆ ಯಾವ ಉತ್ತರ ಬಂತು, ಯಾವ ಗಡುವು ಯಾವ ನೆಪದಿಂದ ಮುಂದೆ ಹೋಯಿತು ಎಂಬುದನ್ನು ಕಡತ ಬಿಡಿಸಿ ತೋರಿಸಬಲ್ಲವರು ಆ ಮೇಜಿನ ಸುತ್ತ ಒಬ್ಬರಾದರೂ ಇರಬೇಕು. ಕಾರ್ಯಸೂಚಿಯಲ್ಲಿ ಏನಿರಬೇಕೆಂದು ಅಧಿಕಾರಿಗಳೊಡನೆ ಕುಳಿತು ಗೊತ್ತುಮಾಡುವುದು, ತಜ್ಞರ ಭಾಷೆಯನ್ನು ಊರಿನವರಿಗೆ ತಿಳಿಯುವಂತೆ ಹೇಳಿಸುವುದು, ಪರಸ್ಪರ ಒಪ್ಪದ ಸದಸ್ಯರಿಂದ ಒಂದು ಲಿಖಿತ ಶಿಫಾರಸು ಹೊರಡಿಸಿ ಅದಕ್ಕೆ ಲಿಖಿತ ಉತ್ತರ ಬರುವವರೆಗೂ ಬೆನ್ನು ಬಿಡದಿರುವುದು ಅಧ್ಯಕ್ಷರಿಂದ ನಿರೀಕ್ಷಿಸಬೇಕಾದ ಕೆಲಸ.

ಒಳ್ಳೆಯ ನಿದರ್ಶನವೆಂದರೆ ಒಹಾಯೊ ರಾಜ್ಯದ ಫರ್ನಾಲ್ಡ್. ಯುರೇನಿಯಂ ಸಂಸ್ಕರಿಸುತ್ತಿದ್ದ ಅಲ್ಲಿನ ಕಾರ್ಖಾನೆಯಿಂದ ಸುತ್ತಲಿನ ಅಂತರ್ಜಲಕ್ಕೂ ಯುರೇನಿಯಂ ಸೇರಿತ್ತು. 1993ರಲ್ಲಿ ರಚನೆಯಾದ ನಾಗರಿಕ ತಂಡಕ್ಕೆ ಜಾನ್ ಆಪಲ್‌ಗೇಟ್ ಎಂಬ ಕಾನೂನು ಪ್ರಾಧ್ಯಾಪಕರು ಅಧ್ಯಕ್ಷರಾದರು. ಎಲ್ಲವನ್ನೂ ಹೊರಗೆ ಸಾಗಿಸಿ ಎಂದು ಪಟ್ಟು ಹಿಡಿಯುವುದು ಊರಿನವರಿಗೆ ಸುಲಭವಿತ್ತು. ಆದರೆ ಆ ತ್ಯಾಜ್ಯ ಇನ್ನೊಂದು ಊರಿನ ಮುಂದೆ ಇಳಿಯಲೇಬೇಕಲ್ಲ? ತಂಡವು ಬಹುಕಾಲ ಚರ್ಚಿಸಿ, ಅತಿ ಅಪಾಯಕಾರಿಯಾದ ಸಣ್ಣ ಪಾಲನ್ನು ಹೊರಗೆ ಕಳುಹಿಸಿ, ಕಡಿಮೆ ಮಲಿನವಾದ ದೊಡ್ಡ ಪಾಲನ್ನು ಅಲ್ಲಿಯೇ ಭದ್ರವಾದ ಕೋಶದಲ್ಲಿ ಹೂಳಬೇಕೆಂದು ಶಿಫಾರಸು ಮಾಡಿತು. ಇಲಾಖೆ ಆ ದಾರಿಯಲ್ಲಿಯೇ ನಡೆದು 2006ರಲ್ಲಿ ಕೆಲಸ ಮುಗಿಸಿತು. ಅಂತರ್ಜಲದ ಶುದ್ಧೀಕರಣವಷ್ಟೇ ಮುಂದುವರಿಯಿತು. ಈ ತಂಡ ಗೆದ್ದದ್ದು ಅಧ್ಯಕ್ಷರೊಬ್ಬರಿಂದಲೇ ಎನ್ನಲಾರೆ. ‘ಎಷ್ಟು ಶುಚಿಯಾದರೆ ಸಾಕು’ ಎಂಬ ಮೂಲಪ್ರಶ್ನೆಯನ್ನೇ ಆರಂಭದಲ್ಲಿ ಜನರ ಮುಂದಿಟ್ಟದ್ದು ಅದಕ್ಕಿಂತ ದೊಡ್ಡ ಕಾರಣ. ಎಲ್ಲ ತೀರ್ಮಾನವಾದ ಮೇಲೆ ಸಲಹೆ ಕೇಳಿದರೆ ಎಂಥ ಅಧ್ಯಕ್ಷರೂ ಮುಗುಳ್ನಕ್ಕು ಸಹಿ ಹಾಕಬೇಕಷ್ಟೆ.

ಸೈನೈಡ್ ದಿಬ್ಬಗಳು ವಿಕಿರಣ ತ್ಯಾಜ್ಯವಲ್ಲ. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ. ಆದರೆ ಪ್ರಶ್ನೆಯ ಸ್ವರೂಪ ಅದೇ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಗಾಳಿಯ ದಿನಗಳಲ್ಲಿ ಆ ದೂಳನ್ನು ತಿಂದವರು ನೀವು. ಈಗ 13 ದಿಬ್ಬಗಳಲ್ಲಿರುವ ಸುಮಾರು 3.3 ಕೋಟಿ ಟನ್ ಪುಡಿಯಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಸಮ್ಮತಿಸಿದೆ. ಅಗೆಯುವಾಗ ಏಳುವ ದೂಳನ್ನು ಅಳೆಯುವವರು ಯಾರು, ಉಳಿಕೆಯನ್ನು ಎಲ್ಲಿ ಹಾಕುತ್ತಾರೆ ಎಂದು ವರ್ಷಗಟ್ಟಲೆ ಕೇಳುತ್ತಲೇ ಇರುವ ಸಮಿತಿಯೊಂದರಿಂದ ಖಂಡಿತ ಪ್ರಯೋಜನವಿದೆ.

ಪ್ರಶ್ನೆ: ಕೂಡಂಕುಳಂನ ಅಣುತ್ಯಾಜ್ಯವನ್ನು ಕೋಲಾರದ ಗಣಿಯಲ್ಲಿ ಹೂಳುತ್ತಾರೆಂಬ ಮಾತು ನಿಜವಾಗಿತ್ತೇ?
– ಓದುಗರು, ಬಂಗಾರಪೇಟೆ

ಉತ್ತರ: 2012ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕೂಡಂಕುಳಂ ಪ್ರಕರಣದ ವಿಚಾರಣೆಯ ವೇಳೆ ಕೋಲಾರದ ಗಣಿಯ ಹೆಸರು ಪ್ರಸ್ತಾಪವಾಯಿತು. ಕೆಜಿಎಫ್‌ನಲ್ಲಿ ಪ್ರತಿಭಟನೆ ಎದ್ದಿತು; ಅಂಥ ಯೋಜನೆಯಿಲ್ಲವೆಂದು ಕೇಂದ್ರ ಸರ್ಕಾರ ಸ್ಪಷ್ಟಪಡಿಸಿತು. ಮಾತಿಗೆ ಬೇರು ಇಲ್ಲದಿರಲಿಲ್ಲ. ಹಿಂದೊಮ್ಮೆ ಗಣಿಯ ಬಳಕೆಯಲ್ಲಿಲ್ಲದ ಭಾಗದಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ, ತ್ಯಾಜ್ಯದ ಶಾಖವನ್ನು ಬಂಡೆ ಹೇಗೆ ತಾಳುತ್ತದೆಂದು ಅರಿಯಲು ಅಣುಶಕ್ತಿ ವಿಜ್ಞಾನಿಗಳು ಹೀಟರ್‌ಗಳಿಂದ ಬಂಡೆಯನ್ನು ಕಾಯಿಸಿ ಪ್ರಯೋಗ ನಡೆಸಿದ್ದರು. ಊರಿನವರಿಗೆ ಅದನ್ನು ಬಿಡಿಸಿ ಹೇಳುವ ಖಾಯಂ ವೇದಿಕೆಯೊಂದು ಇದ್ದಿದ್ದರೆ, ಕೋರ್ಟಿನ ಒಂದು ಮಾತಿಗೆ ಊರಿಗೆ ಊರೇ ಬೆಚ್ಚಿಬೀಳುತ್ತಿರಲಿಲ್ಲ.

ಪ್ರಶ್ನೆ: ನಮ್ಮಲ್ಲಿ ಪರಿಸರ ಸಾರ್ವಜನಿಕ ಅಹವಾಲು ಸಭೆ ಇದೆಯಲ್ಲ, ಅದು ಸಾಲದೇ?
– ಪದವಿ ವಿದ್ಯಾರ್ಥಿನಿ, ಮುಳಬಾಗಿಲು

ಉತ್ತರ: ಸಾಲದು. 2006ರ ಅಧಿಸೂಚನೆಯ ಪ್ರಕಾರ ಆ ಸಭೆ ನಡೆಯುವುದು ಯೋಜನೆಗೆ ಅನುಮತಿ ಸಿಗುವ ಮೊದಲು, ಜಿಲ್ಲಾಧಿಕಾರಿಗಳ ಅಥವಾ ಅವರು ಕಳುಹಿಸಿದ ಹಿರಿಯ ಅಧಿಕಾರಿಯ ಅಧ್ಯಕ್ಷತೆಯಲ್ಲಿ. ಅಹವಾಲು ದಾಖಲಾದ ಮೇಲೆ ಶಾಮಿಯಾನ ಬಿಚ್ಚುತ್ತಾರೆ, ಮುಂದಿನ ವರ್ಷ ಅದೇ ಜನ ಅದೇ ಪ್ರಶ್ನೆಯನ್ನು ಯಾರ ಮುಂದಿಡಬೇಕೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಕೆಜಿಎಫ್‌ಗೆ ಸಲಹಾ ಸಮಿತಿಯೊಂದು ಬರುವುದಾದರೆ ಜಿಲ್ಲಾಧಿಕಾರಿಗಳು ಅದರಲ್ಲಿ ಉತ್ತರಿಸುವ ಸ್ಥಾನದಲ್ಲಿ ಕುಳಿತಿರಲಿ. ಅಧ್ಯಕ್ಷರನ್ನು ಸದಸ್ಯರೇ ಆರಿಸಿಕೊಳ್ಳಲಿ, ಸಮಿತಿಯ ಪ್ರತಿ ಶಿಫಾರಸಿಗೂ ಗೊತ್ತಾದ ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕೆಂಬ ಷರತ್ತನ್ನು ರಚನೆಯ ಆದೇಶದಲ್ಲಿಯೇ ಬರೆದಿರಲಿ.