ಕಿಟೆಲ್ ಅನ್ನೋ ಹೆಸರು ಎಲ್ಲಿಂದ ಬಂತು?

ಪ್ರಶ್ನೆ: ನಮ್ಮೂರಾಗ ಕಿಟೆಲ್ ಕಾಲೇಜ್ ಐತ್ರಿ, ಬೆಂಗಳೂರಾಗ ಮೂರ್ತಿ ಐತಿ, ಆದ್ರ ‘ಕಿಟೆಲ್’ ಅಂದ್ರ ಏನು? ಜರ್ಮನಿಯಾಗ ಈ ಅಡ್ಡಹೆಸರಿನವ್ರು ಬಾಳ ಮಂದಿ ಅದಾರೇನ್ರಿ?
– ಓದುಗರು, ಧಾರವಾಡ

ಉತ್ತರ: ಒಳ್ಳೇ ಪ್ರಶ್ನೆ ಕೇಳಿದ್ರಿ. ಜರ್ಮನ್ ಭಾಷೇಲಿ ಕಿಟೆಲ್ ಅಂದ್ರೆ ಸಡಿಲವಾದ ಮೇಲಂಗಿ. ಇವತ್ತಿಗೂ ಅಲ್ಲಿ ಡಾಕ್ಟರ್‌ಗಳು, ಲ್ಯಾಬ್‌ನವ್ರು ಹಾಕೋ ಬಿಳಿ ಕೋಟಿಗೆ ಅದೇ ಮಾತು, ಯಹೂದಿಗಳು ಯೋಮ್ ಕಿಪ್ಪುರ್ ಅನ್ನೋ ಉಪವಾಸದ ದಿನ ತೊಡೋ ಬಿಳಿ ನಿಲುವಂಗಿಗೂ ಅದೇ. ಹಿಂದೆ ಇಂಥ ಅಂಗಿ ಹೊಲೀತಿದ್ದ ದರ್ಜಿಗೋ, ಯಾವಾಗ್ಲೂ ಅದನ್ನೇ ಹಾಕ್ಕೊಂಡು ಓಡಾಡ್ತಿದ್ದೋನಿಗೋ ಜನ ಹಾಗೆ ಕರೆದು ಅದೇ ಮನೆತನದ ಹೆಸರಾಗಿ ನಿಂತುಬಿಡ್ತು, ನಮ್ಮಲ್ಲಿ ಪತ್ತಾರ, ಬಡಿಗೇರ ಅಂತ ಬಂದಿಲ್ವಾ ಹಾಗೆ.

ಮ್ಯೂಲರ್, ಶ್ಮಿಟ್ ಥರ ಬೀದಿಗೊಬ್ರು ಸಿಗಲ್ಲ. ಜರ್ಮನಿಯ ಪೂರ್ವದ ಸ್ಯಾಕ್ಸನಿ, ಈಗ ಬಹುಪಾಲು ಪೋಲೆಂಡ್‌ನಲ್ಲಿರೋ ಹಳೇ ಸೈಲೀಷಿಯಾ ಕಡೆ ಜಾಸ್ತಿ. ಟೂರ್ ದ ಫ್ರಾನ್ಸ್‌ನಲ್ಲಿ 14 ಸ್ಟೇಜ್ ಗೆದ್ದ ಸೈಕಲ್ ರೇಸರ್ ಮಾರ್ಸೆಲ್ ಕಿಟೆಲ್ ಹುಟ್ಟಿದ್ದು ಪಕ್ಕದ ಥುರಿಂಜಿಯಾದಲ್ಲಿ.

ನಂಗೆ ತುಂಬಾ ಇಷ್ಟವಾಗೋ ವಿಷಯ ಅಂದ್ರೆ ನಮ್ಮ ಫರ್ಡಿನೆಂಡ್ ಕಿಟೆಲ್ 1832ರಲ್ಲಿ ಹುಟ್ಟಿದ ರೆಸ್ಟರ್‌ಹಾಫೆ ಇರೋದು ವಾಯವ್ಯದ ಸಮುದ್ರದಂಚಿನ ಪೂರ್ವ ಫ್ರಿಸಿಯಾದಲ್ಲಿ, ಅಲ್ಲಿ ಅಪ್ಪನ ಹೆಸರೇ ಮಗನ ಅಡ್ಡಹೆಸರಾಗ್ತಿತ್ತು, 1811ರಲ್ಲಿ ನೆಪೋಲಿಯನ್ ಆಡಳಿತ ಬಂದ್ಮೇಲೇ ಎಲ್ರಿಗೂ ಖಾಯಂ ಅಡ್ಡಹೆಸರು ಇರ್ಲೇಬೇಕು ಅಂತ ಆಗಿದ್ದು, ಹಾಗಾಗಿ ಆ ಕಡೆ ಯಾನ್ಸೆನ್ (ಯಾನ್‌ನ ಮಗ), ಹಾರ್ಮ್ಸ್ (ಹಾರ್ಮ್‌ನ ಮಗ) ಅನ್ನೋರೇ ಹೆಚ್ಚು. ಅವ್ರ ನಡುವೆ ಪಾದ್ರಿ ಮನೇಲಿ ಒಬ್ಬ ಕಿಟೆಲ್! ಅದೇ ಹುಡುಗ ಮುಂದೆ 1894ರಲ್ಲಿ ಸುಮಾರು 70,000 ಪದಗಳ ಕನ್ನಡ ನಿಘಂಟು ಕೊಟ್ರು.