ಬೆಂಚಿಗೂ ಬ್ಯಾಂಕಿಗೂ ಏನು ನಂಟು?

ಪ್ರಶ್ನೆ: ಕೂರುವ ಬೆಂಚು, ದುಡ್ಡಿಡುವ ಬ್ಯಾಂಕು ಎರಡೂ ಒಂದೇ ಪದದಿಂದ ಹುಟ್ಟಿದವು ಎಂದು ಗೆಳೆಯರೊಬ್ಬರು ಹೇಳುತ್ತಾರೆ. ನಂಬಲೇ? ಅದು ಎಲ್ಲಿಯ ಪದ?

ಉತ್ತರ: ಧಾರಾಳವಾಗಿ ನಂಬಿ. ನನಗೆ ಬಹಳ ಪ್ರೀತಿಯ ಪದ ಇದು, ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್ ಭಾಷೆಗಳಿಗೆಲ್ಲ ತಾಯಿಯಾದ ಜರ್ಮಾನಿಕ್ ಭಾಷೆಯ ಪದ ಅದು. ಅರ್ಥ ಉದ್ದನೆಯ ಮರದ ಆಸನ, ಅಷ್ಟೇ. ಹಳೆಯ ಇಂಗ್ಲಿಷಿನ 'ಬೇವುಲ್ಫ್' ಕಾವ್ಯದಲ್ಲಿ ವೀರನೂ ರಾಕ್ಷಸನೂ ರಾಜನ ಸಭಾಂಗಣದಲ್ಲಿ ಸೆಣಸುವಾಗ, ಚಿನ್ನದ ಕೆಲಸ ಮಾಡಿದ ಬೆಂಚುಗಳು ನೆಲದಿಂದ ಕಿತ್ತು ಬರುತ್ತವೆ. ಯೋಧರು ಸಾಲಾಗಿ ಕೂತು ಜೇನಿನ ಮದ್ಯ ಕುಡಿಯುತ್ತಿದ್ದ ಬೆಂಚುಗಳವು.

ಜರ್ಮಾನಿಕ್ ಜನ ದಕ್ಷಿಣಕ್ಕೆ ಬಂದು ರೋಮನ್ನರ ನೆಲದಲ್ಲಿ ನೆಲೆಸಿದರು. ಅವರ ಪದ ಇಟಲಿಯವರ ಬಾಯಲ್ಲಿ 'ಬಾಂಕೊ', 'ಬಾಂಕಾ' ಆಯಿತು. ಕೂರುವುದರ ಜೊತೆಗೆ ಸಾಮಾನು ಹರಡುವ ಮೇಜಿಗೂ ಅದೇ ಹೆಸರು. ಮಧ್ಯಯುಗದ ಇಟಲಿಯಲ್ಲಿ ಒಂದೊಂದು ನಗರಕ್ಕೆ ಒಂದೊಂದು ನಾಣ್ಯ. ಹೊರಗಿನಿಂದ ಬಂದ ವರ್ತಕ ಮೊದಲು ಹೋಗುತ್ತಿದ್ದುದು ಹಣ ಬದಲಾಯಿಸುವವನ ಹತ್ತಿರ. ಅವನ ಮುಂದೆ ಒಂದು ಬಾಂಕೊ, ಮೇಲೆ ತಕ್ಕಡಿ, ನಾಣ್ಯದ ರಾಶಿ, ಲೆಕ್ಕದ ಪುಸ್ತಕ. ಬರಬರುತ್ತ ಮೇಜಿನ ಹೆಸರೇ ಆ ವ್ಯವಹಾರಕ್ಕೂ ಅಂಟಿಕೊಂಡಿತು. ಅಲ್ಲಿಂದ ಫ್ರೆಂಚಿಗೆ, ಫ್ರೆಂಚಿನಿಂದ ಇಂಗ್ಲಿಷಿಗೆ. 1694ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಶುರುವಾಗುವ ಹೊತ್ತಿಗೆ ಮೇಜಿನ ನೆನಪು ಯಾರಿಗೂ ಇರಲಿಲ್ಲವೇನೋ.

ನಿಮ್ಮ ಗೆಳೆಯರ ಮಾತಿಗೆ ಸಾಕ್ಷಿ ಬೇಕಾದರೆ ಜರ್ಮನ್ ನೋಡಿ. ಅಲ್ಲಿ ಇವತ್ತಿಗೂ ಎರಡಕ್ಕೂ 'ಬಾಂಕ್' ಎಂದೇ ಹೆಸರು. ಬಹುವಚನದಲ್ಲಿ ಮಾತ್ರ ದಾರಿ ಬೇರೆ: ಕೂರುವವು 'ಬೆಂಕೆ', ದುಡ್ಡಿನವು 'ಬಾಂಕೆನ್'. ಮನೆಯಲ್ಲೇ ಇದ್ದ ಮಗ ಒಬ್ಬ, ಊರೂರು ಸುತ್ತಿ ಸಾಹುಕಾರನಾಗಿ ಮರಳಿದ ಮಗ ಇನ್ನೊಬ್ಬ.

ದಿವಾಳಿಗೆ ಇಂಗ್ಲಿಷಿನಲ್ಲಿ 'ಬ್ಯಾಂಕ್ರಪ್ಟ್' ಎನ್ನುತ್ತಾರಲ್ವಾ? ಅದರ ಮೂಲ ಇಟಾಲಿಯನ್ನಿನ 'ಬಾಂಕಾ ರೊಟ್ಟಾ', ಮುರಿದ ಬೆಂಚು. ಸಾಲ ತೀರಿಸದವನ ಬೆಂಚನ್ನು ಜನ ನಿಜವಾಗಿಯೂ ಒಡೆಯುತ್ತಿದ್ದರು ಎಂಬ ಕತೆ ಎಲ್ಲೆಡೆ ಓಡಾಡುತ್ತದೆ. ಆ ಕತೆಯ ಅಗತ್ಯವಿಲ್ಲ ಅಂತ ನನ್ನ ಅನಿಸಿಕೆ. ಸಂಸಾರ ಮುರಿಯಿತು ಎನ್ನಲು ನಾವೇನು ಗೋಡೆ ಒಡೆದು ತೋರಿಸಬೇಕೇ?

ಔತಣದ 'ಬ್ಯಾಂಕ್ವೆಟ್' ಕೂಡ ಇದೇ ಕುಟುಂಬದ್ದು, ಮೂಲದಲ್ಲಿ ಪುಟ್ಟ ಬೆಂಚು. ಸಂತೆಯಲ್ಲಿ ಬೆಂಚು ಹತ್ತಿ ನಿಂತು ಸುಳ್ಳು ಔಷಧಿ ಮಾರುವವನಿಗೆ ಇಂಗ್ಲಿಷಿನಲ್ಲಿ 'ಮೌಂಟೆಬ್ಯಾಂಕ್' ಎಂಬ ಹೆಸರು ಬಂದದ್ದೂ ಇದರಿಂದಲೇ.

ಈ ಪದವನ್ನು ಏಷ್ಯಾಕ್ಕೆ ಮೊದಲು ಹೊತ್ತು ತಂದವರಲ್ಲಿ ಪೋರ್ಚುಗೀಸರು ಮುಖ್ಯರು. ಇಂಡೊನೇಷ್ಯಾದ 'ಬಂಗ್ಕು', ಸಿಂಹಳದ 'ಬಂಕುವ' ಎರಡೂ ಅವರ 'ಬಾಂಕು'ವಿನಿಂದ ಬಂದವು, ಎರಡಕ್ಕೂ ಅರ್ಥ ಕೂರುವ ಬೆಂಚೇ. ನಮಗೆ ಬೆಂಚು, ಬ್ಯಾಂಕು ಎರಡೂ ಇಂಗ್ಲಿಷಿನಿಂದ ಬಂದವು. ಬೆಂಚು ಇಂಗ್ಲಿಷರ ಮನೆಯದೇ ಹಳೆಯ ಪದ. ಬ್ಯಾಂಕು ಇಟಲಿ, ಫ್ರಾನ್ಸ್ ಸುತ್ತಿ ಅವರಲ್ಲಿಗೆ ಬಂದದ್ದು.