ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ

ಪ್ರಶ್ನೆ: ನನಗೆ 52 ವರ್ಷ. ಕೊಪ್ಪ ತಾಲ್ಲೂಕಿನಲ್ಲಿ ಎರಡೂವರೆ ಎಕರೆ ಅಡಿಕೆ ತೋಟ. ಹಳದಿ ಎಲೆ ರೋಗ ಬಂದು ಐದು ವರ್ಷವಾಯಿತು. ಅರ್ಧಕ್ಕಿಂತ ಹೆಚ್ಚು ಮರ ಹೋಗಿವೆ, ಉಳಿದದ್ದು ಎಷ್ಟು ದಿನವೋ ಗೊತ್ತಿಲ್ಲ. ಸೊಸೈಟಿ ಸಾಲ ಇದೆ, ಮಗಳು ಇಂಜಿನಿಯರಿಂಗ್ ಮೂರನೇ ವರ್ಷ. ರಾತ್ರಿ ಹತ್ತಕ್ಕೆ ಮಲಗಿದರೆ ಮೂರಕ್ಕೆ ಎಚ್ಚರ, ಆಮೇಲೆ ಬೆಳಗಿನವರೆಗೂ ಲೆಕ್ಕ ಹಾಕುತ್ತಾ ಬಿದ್ದಿರುತ್ತೇನೆ. ಗೊಬ್ಬರ ಸರಿಯಾಗಿ ಹಾಕಿದ್ದರೆ ತೋಟ ಉಳಿಯುತ್ತಿತ್ತೇನೋ ಎಂಬ ಯೋಚನೆ ಬೇರೆ. ಎಲ್ಲರೂ ಧ್ಯಾನ ಮಾಡಿ ಅನ್ನುತ್ತಾರೆ. ಕಣ್ಣು ಮುಚ್ಚಿ ಕೂತರೆ ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ. ಮನೆಯವಳಿಗೆ ಸಾಲದ ಪೂರ್ತಿ ಲೆಕ್ಕ ಹೇಳಿಲ್ಲ, ಸುಮ್ಮನೆ ಹೆದರಿಸುವುದೇಕೆ ಅಂತ. ನನ್ನಂಥವರಿಗೆ ನೆಮ್ಮದಿ ಅನ್ನುವುದು ಇದೆಯೇ?
– ಹೆಸರು ಬೇಡ

ಉತ್ತರ: ನಾನು ಮನೋವೈದ್ಯ, ಕೃಷಿ ತಜ್ಞನಲ್ಲ. ಆದರೂ ಗೊಬ್ಬರದ ಆ ಮಾತಿನಿಂದಲೇ ಶುರು ಮಾಡುತ್ತೇನೆ. ಹಳದಿ ಎಲೆ ರೋಗ ಕೇರಳದಲ್ಲಿ ಕಾಣಿಸಿಕೊಂಡದ್ದು 1914ರ ಸುಮಾರಿಗೆ. ಅದಕ್ಕೆ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ, ರಸ ಹೀರುವ ಕೀಟ ಅದನ್ನು ಹರಡುತ್ತದೆ ಎಂದು ತಿಳಿಯುವುದಕ್ಕೇ ದಶಕಗಳು ಹಿಡಿದವು. ಒಳ್ಳೆಯ ಆರೈಕೆಯಿದ್ದರೆ ಮರ ಇನ್ನೊಂದಷ್ಟು ವರ್ಷ ತಾಳಬಹುದು, ವಾಸಿ ಮಾಡುವ ಔಷಧಿ ಇಂದಿಗೂ ಇಲ್ಲ. ನೂರು ವರ್ಷದಿಂದ ವಿಜ್ಞಾನಿಗಳಿಗೇ ಬಗ್ಗದ ರೋಗಕ್ಕೆ ನೀವು ದಿನಾ ಮೂರು ಗಂಟೆಗೆ ಎದ್ದು ನಿಮ್ಮ ಮೇಲೆ ಕೇಸು ಹಾಕಿಕೊಳ್ಳುತ್ತಿದ್ದೀರಿ.

ಕೊಳೆರೋಗ ಬಂದ ವರ್ಷವನ್ನು ನೆನಪಿಸಿಕೊಳ್ಳಿ. ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡಲಿಲ್ಲ, ಕಾಯಿ ಉದುರಿತು, ಮಳೆಗೆ ಬೈದಿರಿ, ಮರುವರ್ಷ ಮುಂಚೆಯೇ ಆ ದ್ರಾವಣಕ್ಕೆ ಬೇಕಾದ ಮೈಲುತುತ್ತ ತಂದಿಟ್ಟಿರಿ. ಏಟು ಒಂದೇ ಸಲ ಬಿತ್ತು, ಮನಸ್ಸು ಮೇಲೆದ್ದಿತು. ಹಳದಿ ರೋಗ ಹಾಗಲ್ಲ. ಮರ ಕಣ್ಣೆದುರು ನಿಂತೇ ಇರುತ್ತದೆ. ಹೋಯಿತೆಂದು ಅಳುವ ಹಾಗಿಲ್ಲ, ಇದೆಯೆಂದು ನಂಬುವ ಹಾಗೂ ಇಲ್ಲ. ಇಂಥ ಮುಗಿಯದ ದುಃಖ ಎಂಥ ಗಟ್ಟಿಗರನ್ನೂ ಹಣ್ಣು ಮಾಡುತ್ತದೆ. ತೋಟದ ಕಥೆ ಒಂದು ಕಡೆಗೆ ಬಂದಮೇಲೆ ನೆಮ್ಮದಿ ಎಂದು ಕಾದರೆ ಅದು ಬರುವುದೇ ಇಲ್ಲ. ಅನಿಶ್ಚಿತ ಇರುವಾಗಲೇ ನಿದ್ದೆ ಬರಿಸಿಕೊಳ್ಳುವುದು ಹೇಗೆ ಎಂಬುದಷ್ಟೇ ಈಗ ನಮ್ಮ ಕೆಲಸ.

ಧ್ಯಾನವನ್ನು ಎಲ್ಲದಕ್ಕೂ ಮದ್ದೆಂದು ಹಂಚುವವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಆತಂಕದಲ್ಲಿರುವವರು ಕಣ್ಣು ಮುಚ್ಚಿದರೆ ಗಮನವೆಲ್ಲ ಒಳಗೆ ಹೋಗುತ್ತದೆ, ಎದೆಬಡಿತವೇ ದೊಡ್ಡದಾಗಿ ಕೇಳಿಸುತ್ತದೆ. ಹಲವರಿಗೆ ಹೀಗಾಗುತ್ತದೆ, ನಿಮ್ಮ ತಪ್ಪೇನೂ ಇಲ್ಲ. ಸದ್ಯಕ್ಕೆ ಅದನ್ನು ಬಿಡಿ. ಕಣ್ಣು ತೆರೆದೇ, ಅಂಗಳದಲ್ಲಿ ನಡೆಯುತ್ತಾ, ಉಸಿರು ಬಿಡುವುದನ್ನು ಎಳೆದುಕೊಳ್ಳುವುದಕ್ಕಿಂತ ನಿಧಾನ ಮಾಡಿ. ಐದು ನಿಮಿಷ ಸಾಕು.

ಇನ್ನು ಆ ಮೂರು ಗಂಟೆ. ಗಾಢ ನಿದ್ದೆಯ ಹೆಚ್ಚು ಪಾಲು ರಾತ್ರಿಯ ಮೊದಲರ್ಧದಲ್ಲೇ ಮುಗಿದಿರುತ್ತದೆ. ಆಮೇಲಿನದು ತೆಳು ನಿದ್ದೆ, ಸಣ್ಣ ಸದ್ದಿಗೂ ಹರಿಯುವಂಥದ್ದು. ಜೊತೆಗೆ ಬೆಳಗಾಗುವ ಮುನ್ನ ಮೈಯನ್ನು ಎಬ್ಬಿಸುವ ಕಾರ್ಟಿಸಾಲ್ ಹಾರ್ಮೋನು ಏರತೊಡಗುತ್ತದೆ. ಆ ಹೊತ್ತಿನ ಲೆಕ್ಕದಲ್ಲಿ ಸಾಲ ಯಾವಾಗಲೂ ಇರುವುದಕ್ಕಿಂತ ದೊಡ್ಡದಾಗಿಯೇ ಕಾಣುತ್ತದೆ. ಇಪ್ಪತ್ತು ನಿಮಿಷ ಕಳೆದರೂ ನಿದ್ದೆ ಹತ್ತಲಿಲ್ಲ ಅನ್ನಿಸಿದರೆ ಹಾಸಿಗೆಯಲ್ಲಿ ಹೊರಳಾಡಬೇಡಿ. ಎದ್ದು ಜಗಲಿಗೆ ಬನ್ನಿ, ಮಂದ ಬೆಳಕಿನಲ್ಲಿ ಕೂತಿರಿ, ಕಣ್ಣು ಎಳೆದಾಗ ಮತ್ತೆ ಹೋಗಿ ಮಲಗಿ. ಗಡಿಯಾರ ನೋಡಬೇಡಿ, ಮೊಬೈಲಂತೂ ಬೇಡವೇ ಬೇಡ. ರಾತ್ರಿ ಹೇಗೇ ಕಳೆದಿರಲಿ, ಏಳುವ ಹೊತ್ತು ಒಂದೇ ಇರಲಿ. ಮಲೆನಾಡಿನವರಿಗೆ ಕಾಫಿ ಬಿಡಿ ಎನ್ನುವ ಧೈರ್ಯ ನನಗಿಲ್ಲ, ಮಧ್ಯಾಹ್ನ ಎರಡರ ಮೇಲೆ ಬೇಡ ಎಂದಷ್ಟೇ ಹೇಳುತ್ತೇನೆ. ನಿದ್ದೆಗೆಂದು ಒಂದು ಗ್ಲಾಸು ಹಾಕುವ ಅಭ್ಯಾಸವಿದ್ದರೆ ಅದು ಬೇಗ ನಿದ್ದೆ ಹತ್ತಿಸಿ, ನಡುರಾತ್ರಿ ಕಳೆದಮೇಲೆ ತಾನೇ ಎಬ್ಬಿಸುತ್ತದೆ.

ಮೂರು ಗಂಟೆಗೆ ಹಾಕುವ ಲೆಕ್ಕವನ್ನು ಸಂಜೆ ಐದಕ್ಕೆ ಹಾಕಿ, ನೋಟ್‌ಬುಕ್ಕಿನಲ್ಲಿ. ಯಾರಿಗೆ ಎಷ್ಟು, ಯಾವ ತಿಂಗಳು, ಬಡ್ಡಿ ಎಷ್ಟು. ಇಪ್ಪತ್ತು ನಿಮಿಷವಾದಮೇಲೆ ಮುಚ್ಚಿಡಿ. ರಾತ್ರಿ ಅದೇ ಯೋಚನೆ ಬಂದರೆ ‘ನಿನ್ನ ಪಾಳಿ ನಾಳೆ ಐದಕ್ಕೆ’ ಎಂದು ಕಳಿಸಿಬಿಡಿ. ಹುಡುಗಾಟ ಅನ್ನಿಸಬಹುದು. ಎರಡು ವಾರ ಮಾಡಿ ನೋಡಿ.

ಆ ನೋಟ್‌ಬುಕ್ಕನ್ನು ನಿಮ್ಮ ಮನೆಯವರ ಮುಂದೆ ಇಡಿ. ನನ್ನ ಇಡೀ ಉತ್ತರದಲ್ಲಿ ಕಷ್ಟದ ಮಾತು ಇದೇ, ಗೊತ್ತು. ಅವರಿಗೆ ಏನೂ ತಿಳಿಯದು ಎಂದುಕೊಂಡಿದ್ದೀರಿ. ಪಕ್ಕದಲ್ಲಿ ಮಲಗಿದವರು ನಿತ್ಯ ಮೂರಕ್ಕೆ ಎದ್ದು ಕೂರುವುದು ತಿಳಿಯದ ಹೆಂಡತಿ ನನ್ನ ಕ್ಲಿನಿಕ್ಕಿಗೆ ಈವರೆಗೆ ಬಂದಿಲ್ಲ. ಅಂಕಿ ತಿಳಿಯದವರು ಅದರ ಎರಡರಷ್ಟನ್ನು ಊಹಿಸಿಕೊಂಡು ಹೆದರುತ್ತಾರೆ. ಹೇಳುವಾಗ ಪರಿಹಾರವೂ ಕೈಯಲ್ಲಿರಬೇಕೆಂದೇನಿಲ್ಲ. ‘ಇಷ್ಟಿದೆ ನೋಡು, ಏನು ಮಾಡೋಣ’ ಎಂದರೆ ಸಾಕು. ಸೊಸೈಟಿಯಲ್ಲಿ ಕಂತಿನ ಬಗ್ಗೆ ಕೇಳುವುದು, ಹೋದ ಮರದ ಜಾಗಕ್ಕೆ ಏನು ಹಾಕುವುದು, ಇವೆಲ್ಲ ಆಮೇಲೆ ಇಬ್ಬರ ಯೋಚನೆಯಾಗುತ್ತವೆ.

ಒಂದು ಎಚ್ಚರಿಕೆ. ಎರಡು ವಾರಕ್ಕೂ ಮೀರಿ ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ, ಬೆಳಗಿನ ಹೊತ್ತೇ ಅತಿ ಭಾರವೆನಿಸುತ್ತಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಸಾಮಾನ್ಯವಾಗಿ ಕೊಡುವ ಖಿನ್ನತೆಯ ಮಾತ್ರೆಗಳು ಚಟ ಹಿಡಿಸುವುದಿಲ್ಲ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ‘ಇರುವುದೇ ಬೇಡ’ ಎಂಬ ಯೋಚನೆ ಒಮ್ಮೆ ಬಂದಿದ್ದರೂ ಮನೆಯವರಿಗೆ ಇಂದೇ ಹೇಳಿ. ಕೀಟನಾಶಕ, ಕಳೆನಾಶಕ ಇಟ್ಟ ಕೋಣೆಯ ಬೀಗದ ಕೈ ಅವರ ಬಳಿ ಇರಲಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಇರುತ್ತದೆ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮೂರು ಗಂಟೆಗೂ ಮಾಡಬಹುದು.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಕಳೆದುಕೊಂಡು ಎರಡು ತಿಂಗಳು. ದಿನಾ ನಾಲ್ಕೈದು ಸಲ ಫೋನ್ ಮಾಡಿ ಏನಾಯಿತು ಅಂತ ಕೇಳುತ್ತಿದ್ದೆ. ಈಗ ಎತ್ತುವುದೇ ಇಲ್ಲ. ನನಗೆ ಕೈಕಾಲು ಆಡುತ್ತಿಲ್ಲ.
– ಓದುಗಿ, ಹಾಸನ

ಉತ್ತರ: ಅಮ್ಮ, ಪ್ರತಿ ಕರೆಯಿಂದ ನಿಮ್ಮ ಆತಂಕ ಅರ್ಧ ಗಂಟೆ ಇಳಿಯುತ್ತದೆ, ಅವನದು ಏರುತ್ತದೆ. ಇಂಟರ್‌ವ್ಯೂ ಏನಾಯಿತು ಎಂದು ಕೇಳಿದಾಗಲೆಲ್ಲ ‘ಇನ್ನೂ ಇಲ್ಲ’ ಎಂದು ಅವನು ಮತ್ತೊಮ್ಮೆ ಹೇಳಬೇಕಲ್ಲ. ‘ಕೆಲಸದ ವಿಷಯ ಕೇಳಲ್ಲ ಕಣೋ, ಊಟ ಆಯ್ತಾ ಹೇಳು’ ಎಂದು ಒಂದು ಮೆಸೇಜು ಹಾಕಿ. ಮಾತಿಗೆ ಸಿಕ್ಕಿದಮೇಲೆ ದಿನಕ್ಕೆ ಒಂದೇ ಕರೆ, ರಾತ್ರಿ. ಕೊಟ್ಟ ಮಾತಿಗೆ ತಪ್ಪಬೇಡಿ. ನಡುವೆ ಫೋನಿನ ಕಡೆ ಕೈ ಹೋದಾಗ ಹತ್ತು ನಿಮಿಷ ತಡೆಯಿರಿ. ಮೊದಲ ವಾರ ಹಿಂಸೆಯಾಗುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಮೆಸೇಜಿಗೆ ಎರಡು ದಿನವಾದರೂ ಉತ್ತರ ಬರದಿದ್ದರೆ ಮಾತ್ರ ಕಾಯಬೇಡಿ. ಬಸ್ಸು ಹತ್ತಿ, ಅವನಿರುವಲ್ಲಿಗೇ ಹೋಗಿ.